ತೆರಿಗೆಯ ಮುಡುಪು

ಮೇಲುಕೋಡಿ, ಟಿನ್ ಫ್ಯಾಕ್ಟರಿ ಹಿಂಭಾಗ
ಬೆಂಗಳೂರು
9 ನವೆಂಬರ್ 2025

ಧನಲಕ್ಷ್ಮಿ,

ಆಶೀರ್ವಾದ. ಕ್ಷೇಮ ಸಮಾಚಾರ ಕೊನೆಯಲ್ಲಿ ಬರೆಯುತ್ತೇನೆ, ಮೊದಲು ವಿಷಯ. ಫೋನು ಮಾಡಬಹುದಿತ್ತಲ್ಲ ಅತ್ತೆ ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ನೀನು ಹ್ಞೂಂ ಅತ್ತೆ, ಹ್ಞೂಂ ಅತ್ತೆ ಎನ್ನುತ್ತ ಆ ಕಡೆ ಕಂಪ್ಯೂಟರು ಕುಟ್ಟುತ್ತಿರುತ್ತೀಯ. ನನ್ನ ಕಿವಿ ಇನ್ನೂ ಚೆನ್ನಾಗಿದೆ. ಕಾಗದವಾದರೆ ಕೂತು ಓದಲೇಬೇಕು.

ಈವತ್ತು ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ವಾರ್ಡ್ ಸಭೆ ನಡೆಯಿತು. ಪಾಲಿಕೆಯಿಂದ ಮಂಜೂರ್ ಎಂಬ ರೆವೆನ್ಯೂ ಇನ್‌ಸ್ಪೆಕ್ಟರ್ ಬಂದಿದ್ದ. ಆಸ್ತಿ ತೆರಿಗೆ ನೋಡಿಕೊಳ್ಳುವವನು, ಶಿವಾಜಿನಗರದ ಹುಡುಗ, ಮಾತು ಮೆದು. ನಮ್ಮ ಕೆರೆಯ ಕೋಡಿಯಿಂದ ಕೆಳಗಿನ ಬೀದಿ ದಾಟುವ ತನಕ ರಾಜಕಾಲುವೆಯನ್ನು ಹೊಸದಾಗಿ ಕಟ್ಟುತ್ತಾರಂತೆ. ಅಷ್ಟು ಕೇಳಿ ನಾನು ಸುಮ್ಮನೆ ಕೂತಿದ್ದೆ. ಆಮೇಲೆ ಹೇಳಿದ, ಅದಕ್ಕೆ ಪಾಲಿಕೆಯಲ್ಲಿ ದುಡ್ಡಿಲ್ಲ, ಬಾಂಡ್ ಅಂತ ಮಾಡಿ ಸಾಲ ಎತ್ತುತ್ತಾರೆ, ಅದರಲ್ಲಿ ಒಂದು ಪಾಲನ್ನು ನಮ್ಮಂಥ ಜನರಿಂದಲೂ ತೆಗೆದುಕೊಳ್ಳುತ್ತಾರೆ ಎಂದು. ನಾನು ಎದ್ದು ನಿಂತೆ.

"ಊರಿಗೆ ಊರೇ ಸಾಲ ಮಾಡೋದಾ? ತೀರ್ಸೋದ್ಯಾರು?"

"ಪಾಲಿಕೆ ತೀರ್ಸುತ್ತೆ ಅಮ್ಮಾ."

"ಪಾಲಿಕೆ ಅಂದ್ರೆ ಯಾರಪ್ಪ, ನಿಮ್ಮ ತಾತನಾ?"

"ನಮ್ಮ ತಾತ ಜಟಕಾ ಓಡಿಸ್ತಿದ್ರು ಅಮ್ಮಾ. ಅವ್ರತ್ರ ಇದ್ದಿದ್ದು ಕುದ್ರೆ ಒಂದೇ."

ಅಂಗಳವೆಲ್ಲ ನಕ್ಕಿತು. ನಾನು ನಗಲಿಲ್ಲ. ಈ ಮನೆಯಲ್ಲಿ ನಾನು ಕಾಲಿಟ್ಟಾಗ ಮೂರು ಸಾಲವಿತ್ತು, ಮೂರನ್ನೂ ತೀರಿಸಿದ್ದೇನೆ. ಸಾಲವೆಂದರೆ ಏನೆಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

ಆದರೆ ಕಾಲುವೆ ಬೇಕು. ನಿನಗೆ ಗೊತ್ತಲ್ಲ, ನನ್ನ ಓರಗಿತ್ತಿ ದೊಡ್ಡಮುನಿಯಮ್ಮ ಇರುವುದು ಕೆಳಗಿನ ಬೀದಿಯಲ್ಲಿ. ದೊಡ್ಡ ಮಳೆ ಬಿದ್ದಾಗಲೆಲ್ಲ ಕಾಲುವೆ ಉಕ್ಕಿ ಅವಳ ಮಂಚದ ಎತ್ತರಕ್ಕೆ ನೀರು ಬರುತ್ತದೆ. ನಮ್ಮ ಪಕ್ಕದ ಮನೆಯ ವಸಂತನೂ ಅವನ ಗೆಳೆಯರೂ ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನನ್ನ ಮಹಡಿಗೆ ಎತ್ತಿಕೊಂಡು ಬರುತ್ತಾರೆ. ಎಂಬತ್ತೊಂದು ವರ್ಷ. ಕುರ್ಚಿಯಲ್ಲಿ ಬರುವಾಗ ಕಣ್ಣು ಮುಚ್ಚಿಕೊಂಡಿರುತ್ತಾಳೆ, ಬೀದಿಯವರು ನೋಡುತ್ತಾರೆಂದು. ಬಂದ ಮೇಲೆ ನನ್ನ ಸಾರಿಗೆ ಹುಳಿ ಸಾಲದು ಅನ್ನುತ್ತಾಳೆ. ಈ ಸಲ ಹೇಳಿಬಿಟ್ಟಿದ್ದಾಳೆ, "ಮುಂದಿನ ಮಳೆಗೆ ನನ್ನ ಎತ್ಬೇಡ್ರೋ, ನೀರಲ್ಲೇ ಇರ್ತೀನಿ. ಬೈರಿ ಮನೆ ಮೆಟ್ಲು ಹತ್ತಲ್ಲ." ಅವಳು ಹೇಳಿದರೆ ಹಾಗೇ ಮಾಡುವವಳು.

ನೀನು ಮುಂಬೈಯಲ್ಲಿ ಸಾಲ ಮಾಡುವವರಿಗೆ ಅಂಕ ಹಾಕುವ ಆಫೀಸಿನಲ್ಲಿದ್ದೀಯ. ನೇರವಾಗಿ ಬರೆ. ಇದು ಮರ್ಯಾದಸ್ಥರ ಸಾಲವೋ, ಮನೆ ಮುಳುಗಿಸುವ ಸಾಲವೋ?

ಇಲ್ಲಿ ಎಲ್ಲರೂ ಕ್ಷೇಮ.

ನಿನ್ನ ಅತ್ತೆ
ಬೈರಮ್ಮ

*

ಮುಂಬೈ
17 ನವೆಂಬರ್ 2025

ಪ್ರೀತಿಯ ಅತ್ತೆಗೆ ಧನು ಮಾಡುವ ನಮಸ್ಕಾರ.

ನಿಮ್ಮ ಪತ್ರವನ್ನು ಕೂತೇ ಓದಿದೆ, ಕಂಪ್ಯೂಟರು ಮುಚ್ಚಿ.

ನೀವು ಅಕ್ಕಿ ತರಲು ಎಂದೂ ಸಾಲ ಮಾಡಿದವರಲ್ಲ. ಆದರೆ ಬಾಡಿಗೆ ಮನೆಗಳಿಗೆಂದು ಬೋರ್‌ವೆಲ್ ಕೊರೆಸಿದಾಗ ಮಾಡಿದಿರಿ. ಅಕ್ಕಿ ತಿಂಗಳಿಗೆ ಮುಗಿಯುತ್ತದೆ, ನೀರು ವರ್ಷಗಟ್ಟಲೆ ಬಂತು, ಆ ನೀರಿನ ಬಾಡಿಗೆಯೇ ಸಾಲ ತೀರಿಸಿತು. ಪಾಲಿಕೆಗೂ ಅಷ್ಟೇ ಲೆಕ್ಕ. ಸಂಬಳ ಕೊಡಲು ಸಾಲ ಮಾಡಿದರೆ ಅದು ಮುಳುಗಿಸುವ ಸಾಲ. ಕಾಲುವೆ ಕಟ್ಟಲು ಮಾಡಿದರೆ, ಆ ಕಾಲುವೆ ಮುಂದಿನ ತಲೆಮಾರಿಗೂ ಇರುತ್ತದೆ. ಅದರ ಖರ್ಚನ್ನು ಈ ವರ್ಷದ ಜನರೇ ಏಕೆ ಹೊರಬೇಕು?

ಬಾಂಡ್ ಎಂದರೆ ಸಾಲಪತ್ರ. ಪಾಲಿಕೆ ಬರೆದುಕೊಡುತ್ತದೆ, ಹತ್ತು ವರ್ಷಕ್ಕೆ ಅಸಲು ಕೊಡುತ್ತೇನೆ, ನಡುವೆ ಬಡ್ಡಿ ಕೊಡುತ್ತಿರುತ್ತೇನೆ ಎಂದು. ಮಾತು ತಪ್ಪಬಾರದೆಂದು ಒಂದು ಏರ್ಪಾಡು ಇರುತ್ತದೆ. ಜನ ಕಟ್ಟಿದ ಆಸ್ತಿ ತೆರಿಗೆ ಬೇರೆ ಖರ್ಚಿಗೆ ಹೋಗುವ ಮೊದಲೇ ಅದರಲ್ಲಿ ಒಂದು ಭಾಗ ಬೇರೆ ಖಾತೆಗೆ ಹೋಗಿ ಕೂರುತ್ತದೆ. ಬಡ್ಡಿ, ಅಸಲು ಕೊಡಲು ಮಾತ್ರ ಅದು. ಆಯುಕ್ತರೂ ಅದನ್ನು ಮುಟ್ಟುವಂತಿಲ್ಲ. ಮನೆಯಲ್ಲಿ ನೀವು ಹರಕೆ ಹೊತ್ತು ಅರಿಶಿನದ ಬಟ್ಟೆಯಲ್ಲಿ ಮುಡುಪು ಕಟ್ಟಿಡುತ್ತೀರಲ್ಲ, ಹಾಗೆ.

ನಮ್ಮಂಥ ಆಫೀಸಿನವರು ಅಂಕ ಹಾಕುವಾಗ ಪಾಲಿಕೆಯ ಕಟ್ಟಡದ ಅಂದ ನೋಡುವುದಿಲ್ಲ ಅತ್ತೆ. ಜನ ತೆರಿಗೆಯನ್ನು ಹೊತ್ತಿಗೆ ಸರಿಯಾಗಿ ಕಟ್ಟುತ್ತಾರೆಯೇ ಎಂದು ನೋಡುತ್ತೇವೆ. ಅಂಕ ಚೆನ್ನಾಗಿ ಬಂದರೆ ಕಡಿಮೆ ಬಡ್ಡಿಗೆ ಸಾಲ ಸಿಗುತ್ತದೆ. ಬರದಿದ್ದರೆ ಯಾರೂ ಕೊಡುವುದಿಲ್ಲ, ಕಾಲುವೆಯೂ ಇಲ್ಲ.

ದೊಡ್ಡಮುನಿಯಮ್ಮ ದೊಡ್ಡತ್ತೆಗೆ ನನ್ನ ನಮಸ್ಕಾರ ತಿಳಿಸಿ. ಸಾರಿನ ಹುಳಿಯ ವಿಷಯದಲ್ಲಿ ನಾನು ಯಾರ ಪಕ್ಷವನ್ನೂ ವಹಿಸುವುದಿಲ್ಲ.

ನಿಮ್ಮ
ಧನು

*

ಮೇಲುಕೋಡಿ
2 ಡಿಸೆಂಬರ್ 2025, ಮಂಗಳವಾರ

ಧನಲಕ್ಷ್ಮಿ,

ಆಶೀರ್ವಾದ. ಈವತ್ತು ಊರಿನಲ್ಲಿ ಏನಾಯಿತೆಂದು ನೀನು ಇಲ್ಲಿದ್ದು ನೋಡಬೇಕಿತ್ತು. ನನ್ನ ಕೈ ಇನ್ನೂ ಹಳದಿಯಾಗಿದೆ, ಕಾಗದಕ್ಕೂ ಅಂಟಿದೆ, ಕ್ಷಮಿಸು.

ನಿನ್ನ ಪತ್ರದಲ್ಲಿ ಬೋರ್‌ವೆಲ್ಲಿನ ಮಾತು ಸರಿ ಇದೆ, ಒಪ್ಪಿದೆ. ಆದರೆ ಮುಡುಪು ಎಂದು ಬರೆದೆಯಲ್ಲ, ಅಲ್ಲಿ ನನಗೆ ದಾರಿ ಕಂಡಿತು. ಸಾಲಕ್ಕೆ ಮೀಸಲೆಂದು ತೆರಿಗೆಯನ್ನು ಬೇರೆ ತೆಗೆದು ಇಡಬೇಕು, ಯಾರೂ ಮುಟ್ಟಬಾರದು. ಒಳ್ಳೆಯ ಏರ್ಪಾಡು. ಆದರೆ ಪಾಲಿಕೆಯವರಿಗೆ ಮುಡುಪು ಕಟ್ಟಲು ಬರುತ್ತದೆಯೇ? ಅವರ ಬ್ಯಾಂಕಿನಲ್ಲಿ ಗಂಟು ಹಾಕುವವರು ಯಾರೋ, ಬಿಚ್ಚುವವರು ಯಾರೋ. ನಮ್ಮ ಗಂಗಮ್ಮನ ಮುಂದೆ ಕಟ್ಟಿದ ಗಂಟನ್ನು ಮುಟ್ಟುವ ಧೈರ್ಯ ಈ ಊರಿನಲ್ಲಿ ಯಾವ ಗಂಡಸಿಗೂ ಇಲ್ಲ. ಪಾಲಿಕೆ ಮಾಡುವ ಕೆಲಸವನ್ನು ನಾವೇ ಮಾಡಿದರೆ ಇನ್ನೂ ಗಟ್ಟಿಯಲ್ಲವೇ?

ಹೆಂಗಸರನ್ನೆಲ್ಲ ಕರೆದೆ. ತೆರಿಗೆಯ ಎರಡನೇ ಕಂತು ಯಾರೂ ಈಗ ಕೌಂಟರಿಗೆ ಕೊಡಬೇಡಿ, ಅರಿಶಿನದ ಬಟ್ಟೆಯಲ್ಲಿ ಅಡಿಕೆ ಇಟ್ಟು ಕಟ್ಟಿ ತನ್ನಿ, ಬಾಂಡ್ ಬಂದ ದಿನ ಮೆರವಣಿಗೆಯಲ್ಲಿ ಒಯ್ದು ಪಾಲಿಕೆಗೆ ಒಪ್ಪಿಸೋಣ ಎಂದೆ. ಮೊದಲು ಗುಸುಗುಸು. ಆಮೇಲೆ ಒಬ್ಬೊಬ್ಬಳಾಗಿ ಬಂದರು. ಮೇಲಿನ ಬೀದಿ ಮುಗಿಯುವ ಹೊತ್ತಿಗೆ ಅರಿಶಿನ ಸಾಲದೆ ಹಲಸೂರಿನ ಅಂಗಡಿಗೆ ವಸಂತನನ್ನು ಓಡಿಸಬೇಕಾಯಿತು. ವರ್ಷಗಟ್ಟಲೆ ತೆರಿಗೆಯ ಮುಖ ನೋಡದವರೂ ಕಟ್ಟಿದ್ದಾರೆ. ಗಂಡಂದಿರು ಕೇಳಿದರೆ ಬೈರಮ್ಮನವರನ್ನು ಕೇಳಿ ಎಂದಿದ್ದಾರೆ. ನನ್ನನ್ನು ಕೇಳಲು ಯಾರೂ ಬರಲಿಲ್ಲ.

ಗಂಟುಗಳೆಲ್ಲ ದೇವಸ್ಥಾನದ ಕಬ್ಬಿಣದ ಪೆಟ್ಟಿಗೆಯಲ್ಲಿವೆ. ಬೀಗದ ಕೈ ನನ್ನ ಸೊಂಟದಲ್ಲಿ. ಪೂಜಾರಿ ಬೈಲಪ್ಪ ಹಿಂದೆ ಹಿಂದೆಯೇ ಬಂದ, "ಕೀ ನನ್ನತ್ರ ಇರ್ಲಿ ಅಕ್ಕಾ, ದೇವ್ರ ಪೆಟ್ಗೆ ಅಲ್ವಾ."

"ನಿನ್ನತ್ರ ಗಂಟೆ ಇದ್ಯಲ್ಲ ಬೈಲಪ್ಪ, ಅಷ್ಟು ಸಾಕು," ಎಂದೆ.

ದೊಡ್ಡಮುನಿಯಮ್ಮ ತನ್ನ ಬಾಗಿಲಲ್ಲೇ ಕೂತು ನೋಡುತ್ತಿದ್ದಳು. "ಏನೇ ಬೈರಿ, ತೆರಿಗೆಗೂ ತೀರ್ಥ ಹಾಕ್ತಿದೀಯಾ? ನಾನಂತೂ ಕಟ್ಟಲ್ಲ." ನಾನು ತಿರುಗಿ ನೋಡದೆ ಬಂದೆ. ದೀಪ ಹಚ್ಚುವ ಹೊತ್ತಿಗೆ ಅವಳ ಮನೆಯಿಂದಲೂ ಒಂದು ಗಂಟು ಬಂತು. ಬಟ್ಟೆ ಹಳೆಯದು, ಗಂಟು ಮಾತ್ರ ಎಲ್ಲರಿಗಿಂತ ಬಿಗಿ.

ನಿನ್ನ ಆಫೀಸಿನ ದೊಡ್ಡವರಿಗೆ ಹೇಳು, ಒಂದು ಊರು ತೆರಿಗೆಯನ್ನು ದೇವರ ಮುಂದೆ ಕಟ್ಟಿಟ್ಟಿದೆ ಎಂದು. ಇದಕ್ಕಿಂತ ದೊಡ್ಡ ಅಂಕ ಯಾರಿಗೆ ಸಿಗಬೇಕು? ಮರುಟಪಾಲಿಗೆ ಉತ್ತರ ಬರೆ. ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ.

ಬೈರಮ್ಮ

*

ಮೇಲುಕೋಡಿ
28 ಡಿಸೆಂಬರ್ 2025

ಧನಲಕ್ಷ್ಮಿ,

ಉತ್ತರವಿಲ್ಲ. ಕಾಗದ ಸೇರಿಲ್ಲವೋ ಎಂದು ಟಿನ್ ಫ್ಯಾಕ್ಟರಿ ಹತ್ತಿರದ ಅಂಚೆಯವರನ್ನು ಕೇಳಿದೆ. ಸೇರಿದೆ, ಸಹಿ ಹಾಕಿ ತೆಗೆದುಕೊಂಡಿದ್ದಾರೆ ಎಂದರು. ನಿಮ್ಮಪ್ಪನನ್ನು ಕೇಳಿದರೆ, "ಚೆನ್ನಾಗಿದಾಳಲ್ಲ ಅಕ್ಕಾ, ದಿನಾ ಫೋನ್ ಮಾಡ್ತಾಳಲ್ಲ" ಎಂದ. ಅಂದರೆ ಫೋನು ಮಾಡಲು ಹೊತ್ತಿದೆ, ನನಗೆ ಬರೆಯಲು ಇಲ್ಲ.

ನಾನು ಫೋನು ಮಾಡುವುದಿಲ್ಲ. ಹಿರಿಯಳು ನಾನು.

ಒಂದು ಮಾತು ತಿಳಿದುಕೋ. ಬೇಡ ಅತ್ತೆ, ನೀವು ಮಾಡಿದ್ದು ಹಳ್ಳಿ ಬುದ್ಧಿ ಎಂದು ಬರೆದಿದ್ದರೂ ನಾನು ಸಹಿಸುತ್ತಿದ್ದೆ. ಈ ಊರಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹೆಣ್ಣು ನಾನು. ನಿನ್ನನ್ನು ಓದಿಸಲೇಬೇಕೆಂದು ನಿಮ್ಮಪ್ಪನ ಎದುರು ನಿಂತವಳೂ ನಾನು. ನನ್ನ ಕೆಲಸದ ಬಗ್ಗೆ ಹೇಳಿಕೊಳ್ಳಲು ನಾಚಿಕೆಯಾಗಿ ಸುಮ್ಮನಿದ್ದೀಯಾದರೆ, ಸುಮ್ಮನೇ ಇರು.

ಚಳಿ ಹೆಚ್ಚು. ಅಲ್ಲಿ ಚಳಿ ಇರುವುದಿಲ್ಲವಂತೆ.

ಬೈರಮ್ಮ

*

ಮೇಲುಕೋಡಿ
16 ಜನವರಿ 2026

ಧನಲಕ್ಷ್ಮಿ,

ನೀನು ಬರೆಯದಿದ್ದರೂ ನಾನು ಬರೆಯುತ್ತಿದ್ದೇನೆ, ಏಕೆಂದರೆ ಇದನ್ನು ಬೇರೆ ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ. ಮತ್ತು ಇದರಲ್ಲಿ ನಿನ್ನ ತಪ್ಪೂ ಇದೆ.

ಹೊಸ ವರ್ಷ ಬಂದ ವಾರದಲ್ಲಿ ಮಂಜೂರ್ ನಮ್ಮ ಮನೆಗೆ ಬಂದ. ಕಾಫಿ ಕೊಟ್ಟರೆ ಕುಡಿಯಲಿಲ್ಲ.

"ಅಮ್ಮಾ, ನಿಮ್ಮೂರಲ್ಲಿ ಯಾರನ್ನ ಕೇಳಿದ್ರೂ ಅಮ್ಮನ್ನ ಕೇಳಿ ಅಂತಾರೆ. ಯಾಕಮ್ಮಾ ಎಲ್ರೂ ತೆರಿಗೆ ನಿಲ್ಲಿಸಿಬಿಟ್ರಿ? ನನ್ ಮೇಲೆ ಏನಾದ್ರೂ ಬೇಜಾರಾ?"

"ನಿಲ್ಲಿಸಿಲ್ಲಪ್ಪ. ಬಾ ತೋರಿಸ್ತೀನಿ," ಎಂದು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಪೆಟ್ಟಿಗೆ ತೆಗೆದೆ. ಮೇಲಿನ ತನಕ ಹಳದಿ ಗಂಟು. ಹೆಮ್ಮೆಯಿಂದಲೇ ತೋರಿಸಿದೆ, ಸುಳ್ಳೇಕೆ ಹೇಳಲಿ. ಆ ಹುಡುಗ ಹೊರಗೆ ಹೋಗಿ ಅರಳಿಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಕೂತುಬಿಟ್ಟ.

"ಬಾಂಡ್ ಬಂದ್ಮೇಲೆ ಕೊಡ್ತೀವಿ ಅಂದ್ರಾ?"

"ಹೌದು. ಗಂಗಮ್ಮನ ಮುಂದೆ ಮಾತು ಕೊಟ್ಟಿದೀವಿ."

"ಅಮ್ಮಾ, ತೆರಿಗೆ ಬಂದಿದ್ರೆ ತಾನೇ ಬಾಂಡ್ ಬರೋದು? ನೀವು ಬಾಂಡ್ ಬಂದ್ರೆ ತೆರಿಗೆ ಅಂತೀರ. ಮದುವೆ ಆಗ್ದೆ ಇದ್ರೆ ಹೆಣ್ಣು ನೋಡಲ್ಲ ಅಂದಂಗಾಯ್ತು. ಮುಂಬೈಯಿಂದ ಅಂಕ ಹಾಕೋರು ಡಿಸೆಂಬರ್ ಲೆಕ್ಕ ತಗೊಂಡ್ಬಿಟ್ಟಿದಾರೆ. ಎಲ್ಲಾ ವಾರ್ಡೂ ಚೆನ್ನಾಗಿದೆ, ನಿಮ್ಮದೊಂದು ನೆಲಕ್ಕೆ ಬಿದ್ದಿದೆ. ಯಾಕೆ ಅಂತ ಕೇಳ್ತಿದಾರೆ. ನಾನೇನ್ ಹೇಳ್ಲಿ?"

ನೀನು ಮುಡುಪು ಎಂದು ಬರೆಯದಿದ್ದರೆ ನಾನು ಕಟ್ಟಿಸುತ್ತಿರಲಿಲ್ಲ. ಇರಲಿ. ಆ ಮುಂಬೈಯವರಿಗೆ ಎಲ್ಲ ವಿವರಿಸಿ ಬರೆ ಎಂದೆ. ಬರೆಯುತ್ತೇನೆ, ಆದರೆ ಹಣ ಮೊದಲು ಬರಬೇಕು ಎಂದ. ನಿನ್ನ ಹಾಗೆ ಸುಲಭಕ್ಕೆ ಬಾಯಿ ಬಿಡದ ಜನವೆಂದು ಕಾಣುತ್ತದೆ.

ಸಂಜೆಯೇ ಹೆಂಗಸರನ್ನು ಸೇರಿಸಿದೆ. ಗಂಟುಗಳನ್ನು ಈಗಲೇ ಕೊಡಬೇಕು ಎಂದಾಗ ಯಾರೂ ಒಪ್ಪಲಿಲ್ಲ. ಒಪ್ಪದಿರುವುದು ನ್ಯಾಯವೇ. ಹರಕೆ ತೀರುವ ಮುಂಚೆ ಮುಡುಪು ಬಿಚ್ಚಿದರೆ ಏನಾಗುತ್ತದೆಂದು ಹುಟ್ಟಿದಾಗಿನಿಂದ ಕೇಳಿದವರು. ಬೈಲಪ್ಪ ನಡುವೆ ಬಾಯಿ ಹಾಕಿ, ಅಷ್ಟು ಭಯವಿದ್ದರೆ ದೇವರ ಹುಂಡಿಗೇ ಹಾಕಿಬಿಡಿ ಎಂದ. ಅವನನ್ನು ಒಂದು ಸಲ ನೋಡಿದೆ. ಗಂಟೆಯ ಕಡೆಗೆ ಹೋದ.

"ಬಿಚ್ಚಿ ಅಂತ ನಾನು ಹೇಳ್ತಿಲ್ಲ," ಎಂದೆ. "ಕಟ್ಟಿದ ಕೈ ಬಿಚ್ಚಬಾರ್ದು, ನಿಜ. ಯಾರಿಗೆ ಸೇರ್ಬೇಕೋ ಅವ್ರು ಬಿಚ್ಚಬಹುದು. ಇದು ಸೇರ್ಬೇಕಾದ್ದು ಪಾಲಿಕೆಗೆ. ಪಾಲಿಕೆಯೇ ಬಂದು ಗಂಗಮ್ಮನ ಮುಂದೆ ಬಿಚ್ಚಿಕೊಳ್ಳಲಿ."

ಒಬ್ಬೊಬ್ಬಳಾಗಿ ತಲೆಯಾಡಿಸಿದರು. ದೊಡ್ಡಮುನಿಯಮ್ಮ ಮಾತ್ರ ಕೂತಲ್ಲಿಂದಲೇ, "ಅಂದ್ರೆ ನೀನು ಮಾಡಿದ್ದು ತಪ್ಪು ಅಂತ," ಎಂದಳು.

ನಾನು ಉತ್ತರ ಕೊಡಲಿಲ್ಲ. ಉತ್ತರ ಕೊಡದಿರುವುದನ್ನು ಈಚೆಗೆ ನಿನ್ನಿಂದ ಕಲಿತಿದ್ದೇನೆ.

ಮಂಜೂರ್‌ಗೆ ಹೇಳಿದರೆ ಬೆವರಿದ. "ನಾನು ಗಂಗಮ್ಮನ ಗಂಟು ಬಿಚ್ಚೋದಾ? ನನ್ನ ಹೆಸರು ಮಂಜೂರ್ ಅಮ್ಮಾ."

"ಈವತ್ತು ನೀನು ಪಾಲಿಕೆ. ಪಾಲಿಕೆಗೆ ಯಾವ ಜಾತಿ. ಕೈಕಾಲು ತೊಳ್ಕೊಂಡು ಕೂತ್ಕೋ."

ಸಂಕ್ರಾಂತಿಯ ಮಾರನೆಯ ದಿನ, ಅಂದರೆ ಈವತ್ತು, ದೇವಸ್ಥಾನದ ಜಗುಲಿಯ ಮೇಲೆ ತೆರಿಗೆ ಶಿಬಿರ ಹಾಕಿಸಿದ. ಪಕ್ಕದಲ್ಲಿ ರಸೀದಿ ಕೊಡುವ ಹುಡುಗಿ, ಯಂತ್ರ, ಎಲ್ಲ. ಒಬ್ಬೊಬ್ಬಳೇ ಗಂಟು ತಂದು ಅವನ ಮುಂದೆ ಇಟ್ಟಳು, ಅವನು ಬಿಚ್ಚಿದ. ಅಡಿಕೆಯನ್ನು ಅವರಿಗೇ ವಾಪಸು ಕೊಟ್ಟ, ಪ್ರಸಾದದ ಹಾಗೆ ಎರಡೂ ಕೈಯಲ್ಲಿ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡಮುನಿಯಮ್ಮನ ಗಂಟು ಮಾತ್ರ ಬಿಚ್ಚಲು ಬರಲಿಲ್ಲ. ಹಲ್ಲು ಹಚ್ಚಲು ಹೋದವನನ್ನು ತಡೆದು ಅವಳೇ, "ಅಯ್ಯೋ ಬಿಡಪ್ಪ, ಕತ್ತರಿ ಹಾಕು, ತೆರಿಗೆ ತಾನೇ," ಎಂದಳು. ಮಧ್ಯಾಹ್ನದ ಹೊತ್ತಿಗೆ ಅವನ ಕೈ ಮೊಣಕೈ ತನಕ ಹಳದಿ. "ಮನೇಲಿ ಹೆಂಡ್ತಿ ಮಾಹಿರಾ ಕೇಳ್ತಾಳೆ ಅಮ್ಮಾ, ಯಾರನ್ನ ಮದುವೆ ಆಗಿ ಬಂದ್ರಿ ಅಂತ," ಎಂದ. ಜಗುಲಿಯೆಲ್ಲ ನಕ್ಕಿತು. ನಾನೂ ನಕ್ಕೆ, ಸೆರಗು ಅಡ್ಡ ಹಿಡಿದು.

ಹಳೆಯ ಬಾಕಿ ಇದ್ದವರು ಕೂಡ ನಾಲ್ಕು ಜನರ ಮುಂದೆ ಮಾನ ಹೋಗಬಾರದೆಂದು ಮನೆಗೆ ಓಡಿ ತಂದು ಕಟ್ಟಿದರು. ಈ ವಾರ್ಡಿನಲ್ಲಿ ಇಂಥ ದಿನ ಬಂದೇ ಇರಲಿಲ್ಲವೆಂದು ರಸೀದಿ ಹುಡುಗಿ ಹೇಳಿದಳು.

ಆದರೆ ಡಿಸೆಂಬರ್ ಲೆಕ್ಕ ಡಿಸೆಂಬರಿನದೇ. ಜನವರಿಯದನ್ನು ಮುಂಬೈಯವರು ನೋಡುತ್ತಾರೋ ಇಲ್ಲವೋ ಗೊತ್ತಿಲ್ಲವೆಂದು ಮಂಜೂರ್ ಹೇಳಿ ಹೋದ. ಕೆಳಗಿನ ಬೀದಿಯವರು ಏನೂ ಕೇಳುತ್ತಿಲ್ಲ, ನನ್ನ ಮುಖ ನೋಡುತ್ತಾರೆ ಅಷ್ಟೇ. ಅದಕ್ಕಿಂತ ಬೈದರೆ ವಾಸಿ.

ಎಳ್ಳು ಬೆಲ್ಲ ನಿಮ್ಮಪ್ಪನ ಕೈಯಲ್ಲಿ ಕಳಿಸಿದ್ದೇನೆ. ಕೋಪಕ್ಕೂ ಎಳ್ಳಿಗೂ ಸಂಬಂಧವಿಲ್ಲ.

ಬೈರಮ್ಮ

*

ಮುಂಬೈ
14 ಫೆಬ್ರವರಿ 2026

ಅತ್ತೆ,

ನಮಸ್ಕಾರ. ಈ ಪತ್ರ ಓದುವ ಮೊದಲು ನನ್ನನ್ನು ಎಷ್ಟು ಬೈಯಬೇಕೋ ಬೈದುಬಿಡಿ.

ನಾನು ನಿಮಗೆ ಬರೆದು ಒಂದು ವಾರಕ್ಕೆ ನಮ್ಮ ಪಾಲಿಕೆಯ ಕಡತ ನಮ್ಮದೇ ಆಫೀಸಿಗೆ ಬಂತು. ಅಂಕ ಹಾಕಬೇಕಾದವರು ನಾವೇ. ನಾನು ಮೇಲಿನವರ ಬಳಿ ಹೋಗಿ, ನನ್ನ ಅತ್ತೆ ಅಲ್ಲೇ ಇದ್ದಾರೆ, ಅದೇ ಕಾಲುವೆಯ ಊರು, ಈ ಕೆಲಸದಲ್ಲಿ ನನ್ನನ್ನು ಸೇರಿಸಬೇಡಿ ಎಂದೆ. ಸೇರಿಸಲಿಲ್ಲ. ಆದರೆ ಕೆಲಸ ನಡೆಯುತ್ತಿದ್ದದ್ದು ನನ್ನ ಪಕ್ಕದ ಮೇಜಿನಲ್ಲಿ. ಆ ದಿನಗಳಲ್ಲಿ ನಾನು ನಿಮಗೆ ಏನು ಬರೆದರೂ ಅದಕ್ಕೊಂದು ಅರ್ಥ ಹುಟ್ಟುತ್ತಿತ್ತು. ಈಗ ಬರೆಯಲಾರೆ ಎಂದು ಬರೆದರೂ ಅದು ಸುದ್ದಿಯೇ. ನೀವು ಅದನ್ನು ಸಭೆಯಲ್ಲಿ ಓದಿಬಿಡುತ್ತೀರೆಂಬ ಭಯವೂ ಇತ್ತು. ನಿಮ್ಮ ಮೂರು ಪತ್ರಗಳೂ ಬಂದವು. ಮೂರನ್ನೂ ಒಡೆಯದೆ ಬೀರುವಿನಲ್ಲಿಟ್ಟೆ. ನೀವು ಏನಾದರೂ ಹೇಳಿ, ಅದು ನನಗೆ ತಿಳಿದು, ಊಟಕ್ಕೆ ಕೂತಾಗ ನನ್ನ ಬಾಯಿ ಜಾರಿದರೆ ಎಂದು.

ನಿನ್ನೆ ಅಂಕ ಪ್ರಕಟವಾಯಿತು. ಈ ಹೊತ್ತಿಗೆ ಮಂಜೂರ್ ಬಂದು ಹೇಳಿರುತ್ತಾರೆ. ಚೆನ್ನಾಗಿ ಬಂದಿದೆ ಅತ್ತೆ. ಸಾಲ ಕೊಡುವವರು ಹೆದರಬೇಕಾಗಿಲ್ಲದಷ್ಟು ಚೆನ್ನಾಗಿ. ಜನವರಿಯ ತನಕದ ವಸೂಲಿಯನ್ನೂ ನೋಡಿದ್ದಾರೆಂದು ವರದಿಯಲ್ಲೇ ಅಚ್ಚಾಗಿದೆ, ಆದ್ದರಿಂದ ಬರೆಯುತ್ತಿದ್ದೇನೆ. ಅದಕ್ಕಿಂತ ಒಳಗಿನ ಮಾತು ನಾನು ಬರೆಯುವಂತಿಲ್ಲ. ಜನವರಿಯ ಕೊನೆಯಲ್ಲಿ ಪಕ್ಕದ ಮೇಜಿನವರು ಯಾವುದೋ ಫೋಟೋ ನೋಡಿ ನಗುತ್ತಿದ್ದರು, ಹಳದಿ ಬಣ್ಣದ್ದು. ನಾನು ತಲೆ ಎತ್ತಲಿಲ್ಲ.

ಇಂದು ರಜೆ. ದಾದರಿನಿಂದ ಲೋಕಲ್ ರೈಲು ಹತ್ತಿ ಕಿಟಕಿಯ ಪಕ್ಕ ಕೂತು ಮೂರು ಪತ್ರಗಳನ್ನೂ ಒಟ್ಟಿಗೆ ಒಡೆದೆ. ಮೊದಲನೆಯದರಲ್ಲಿ ಅರಿಶಿನದ ಬೆರಳಿನ ಗುರುತು. ಮೂರನೆಯದಕ್ಕೆ ಬಂದಾಗ ಎಷ್ಟು ನಕ್ಕೆನೆಂದರೆ ಪಕ್ಕದ ಹೆಂಗಸು ಎದ್ದು ಬೇರೆ ಕಡೆ ಹೋಗಿ ಕೂತಳು. ಎರಡನೆಯದನ್ನು ಮತ್ತೆ ಓದಿದೆ. ನನಗೆ ನಿಮ್ಮ ಬಗ್ಗೆ ನಾಚಿಕೆ ಎಂದುಕೊಂಡಿರಾ? ನನ್ನ ಮೇಜಿನ ಮೇಲಿರುವ ಒಂದೇ ಫೋಟೋ ನೀವು ಎಸ್ಸೆಸ್ಸೆಲ್ಸಿಗೆ ತೆಗೆಸಿಕೊಂಡದ್ದು.

ಮುಡುಪಿನ ಮಾತನ್ನು ಬರೆದದ್ದು ನನ್ನ ತಪ್ಪು, ಒಪ್ಪುತ್ತೇನೆ. ಅದರ ಕೆಳಗೇ, ಹೊತ್ತಿಗೆ ಸರಿಯಾಗಿ ತೆರಿಗೆ ಕಟ್ಟುವುದನ್ನು ನೋಡುತ್ತೇವೆಂದೂ ಬರೆದಿದ್ದೆ. ಆ ಸಾಲಿನ ವಿಷಯವನ್ನು ನಾನೂ ಎತ್ತುವುದಿಲ್ಲ, ನೀವೂ ಎತ್ತಬೇಡಿ.

ಮಾರ್ಚಿನಲ್ಲಿ ಬಾಂಡ್ ಬಿಡುತ್ತಾರೆ. ಹಣ ಹಾಕಬೇಕೋ ಬೇಡವೋ ಎಂದು ಮಾತ್ರ ನನ್ನನ್ನು ಕೇಳಬೇಡಿ. ಅದಕ್ಕೂ ನಾನು ಉತ್ತರ ಕೊಡುವಂತಿಲ್ಲ. ಈ ಸಲ ಕಾರಣ ಮೊದಲೇ ಹೇಳಿದ್ದೇನೆ.

ನಿಮ್ಮ
ಧನು

*

ಮೇಲುಕೋಡಿ
12 ಮಾರ್ಚ್ 2026

ಚಿನ್ನದಂಥ ಧನಲಕ್ಷ್ಮಿಗೆ,

ಆಶೀರ್ವಾದ. ನಿನ್ನ ಪತ್ರ ಓದಿದ ದಿನ ಬೈಯಲು ಬಾಯಿ ತೆರೆದೆ, ಬೈಯುವ ಬದಲು ಇನ್ನೊಮ್ಮೆ ಓದಿದೆ. ಒಡೆಯದೆ ಇಟ್ಟೆಯಲ್ಲ, ಸರಿಯಾಗಿ ಮಾಡಿದೆ. ನಿನ್ನ ಜಾಗದಲ್ಲಿ ನಾನಿದ್ದರೆ ಒಡೆದುಬಿಡುತ್ತಿದ್ದೆನೋ ಏನೋ. ಇದನ್ನು ನಿಮ್ಮಪ್ಪನಿಗೆ ಹೇಳಬೇಡ.

ಸೋಮವಾರ ಬಾಂಡ್ ಬಿಟ್ಟರು, ನಿನ್ನೆ ಮುಗಿಸಿದರು. ಕೇಳಿದ್ದಕ್ಕಿಂತ ಎರಡರಷ್ಟು ಬಂತಂತೆ. ಮಂಜೂರ್ ಫೋನಿನಲ್ಲಿ ಹೇಳುವಾಗ ಉಸಿರು ಕಟ್ಟಿ ಮಾತನಾಡುತ್ತಿದ್ದ. ಹೆಂಡತಿ ಮಾಹಿರಾ ಹತ್ತಿರವೂ ಮಾತಾಡಿಸಿದ. ಅವಳು, "ಅಮ್ಮಾ, ಹಳದಿ ಇನ್ನೂ ಉಗುರಿಂದ ಹೋಗಿಲ್ಲ," ಎಂದಳು. ಊರಿಗೆ ಕರೆದಿದ್ದೇನೆ.

ದೊಡ್ಡ ಪಾಲು ಬ್ಯಾಂಕಿನವರದು, ಕಂಪನಿಯವರದು. ಹೋಗಲಿ. ನಮ್ಮ ಪಾಲು ನಮ್ಮದು. ಅದಕ್ಕೆ ಡಿಮ್ಯಾಟ್ ಖಾತೆ ಬೇಕು, ಸಾಲಪತ್ರಗಳು ಕಾಗದದಲ್ಲಿರದೆ ಕಂಪ್ಯೂಟರಿನಲ್ಲಿ ಇರುವ ಖಾತೆಯಂತೆ. ವಸಂತ ಜಗುಲಿಯ ಮೇಲೆ ಕೂತು ಬಂದವರಿಗೆಲ್ಲ ಅದನ್ನು ತೆರೆದುಕೊಟ್ಟ. ನಾನು ಹಾಕಿದ್ದೇನೆ. ಎಷ್ಟೆಂದು ಬರೆಯುವುದಿಲ್ಲ, ನೀನು ಕೇಳುವಂತಿಲ್ಲ ತಾನೇ. ಪಾಲಿಕೆ ನನಗೆ ಸಾಲಗಾರ ಎಂಬುದೇ ಒಂದು ಹುರುಪು. ಈವತ್ತು ಬೆಳಿಗ್ಗೆ ಕಸದ ಗಾಡಿ ತಡವಾಗಿ ಬಂದಾಗ ಡ್ರೈವರಿಗೆ ಹೇಳಿದೆ, "ನಮ್ಮ ದುಡ್ಡಲ್ಲಿ ನಡೀತಿದೆ ಕಣಪ್ಪ, ಹೊತ್ತಿಗೆ ಸರಿಯಾಗಿ ಬಾ."

"ಬಾಂಡ್ ದುಡ್ಡು ಕಾಲುವೆಗಂತೆ ಅಜ್ಜೀ, ಕಸಕ್ಕಲ್ಲ," ಎಂದ. ಓದಿಕೊಂಡಿದ್ದಾನೆ.

ನಿನ್ನೆ ಸರ್ವೆಯವರು ಬಂದು ಕೆಳಗಿನ ಬೀದಿಯ ಉದ್ದಕ್ಕೂ ಸುಣ್ಣದ ಗೆರೆ ಎಳೆದರು. ಈ ಮಳೆಗಾಲಕ್ಕೆ ಪೂರ್ತಿ ಆಗುವುದಿಲ್ಲ, ಕೋಡಿಯ ಕಡೆಯ ಅರ್ಧ ಆಗಬಹುದು ಎಂದರು. ಅರ್ಧವಾದರೆ ನೀರು ಮಂಚದ ತನಕ ಬರುವುದಿಲ್ಲ, ಹೊಸ್ತಿಲಿಗೆ ನಿಲ್ಲುತ್ತದೆ. ಸುಳ್ಳು ಭರವಸೆ ಕೊಡದೆ ಹೋದರು, ಅದಕ್ಕೆ ನೀರು ಮಜ್ಜಿಗೆ ಕೊಟ್ಟೆ.

ಈಗ ಮುಖ್ಯ ಸಂಗತಿ. ಮಂಗಳವಾರ ಮಧ್ಯಾಹ್ನ, ಬಿಸಿಲು ಚುರುಗುಟ್ಟುವ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಕೋಲಿನ ಸದ್ದಾಯಿತು. ಬಾಗಿ ನೋಡಿದರೆ ದೊಡ್ಡಮುನಿಯಮ್ಮ. ಒಬ್ಬಳೇ. ಪ್ರತಿ ಮೆಟ್ಟಿಲಿಗೂ ನಿಲ್ಲುತ್ತಾಳೆ, ಬಯ್ಯುತ್ತಾಳೆ, ಹತ್ತುತ್ತಾಳೆ. ಕೈ ಕೊಡಲು ಹೋದೆ. "ಹೋಗೇ ಆ ಕಡೆ," ಎಂದಳು. ಮಳೆ ಇಲ್ಲದ ದಿನ ಅವಳು ನನ್ನ ಮನೆಗೆ ಬಂದು ಎಷ್ಟು ವರ್ಷವಾಗಿತ್ತೋ ನನಗೆ ಗೊತ್ತಿಲ್ಲ.

ಕೂತು ಉಸಿರು ತೆಗೆದುಕೊಂಡು, "ಎಲ್ಲಿ ಆ ವಸಂತ? ನನಗೂ ಬಾಂಡ್ ಬರೆದುಕೊಡು ಅನ್ನು," ಎಂದಳು. ಮಣ್ಣಿಗೆಂದು, ಅಂದರೆ ತನ್ನ ಸಾವಿನ ಖರ್ಚಿಗೆಂದು, ಬ್ಯಾಂಕಿನಲ್ಲಿ ಇಟ್ಟಿದ್ದ ಹಣ.

ವಸಂತ ಹೆದರಿದ. "ದೊಡ್ಡಮ್ಮಾ, ಇದು ಹತ್ತು ವರ್ಷದ್ದು. ಅಸಲು ವಾಪಸ್ ಬರೋದು ಹತ್ತು ವರ್ಷ ಆದ್ಮೇಲೆ."

"ಆಗ್ಲಿ. ನನಗೇನು ಅವಸರ?"

"ಅಲ್ಲ, ನಿಮಗೆ ಈಗ ಎಂಬತ್ತೊಂದು..."

"ಪಾಲಿಕೆ ಹೇಳ್ತಾ, ಮುದುಕೀರ್ ದುಡ್ಡು ಬೇಡ ಅಂತ? ಕಾಲುವೆ ನನ್ನ ಬಾಗ್ಲಲ್ಲಿ ಹೋಗುತ್ತೋ, ಅವ್ರ ಬಾಗ್ಲಲ್ಲೋ? ಬರಿ ಸುಮ್ನೆ."

ಬರೆದ. ಹೆಬ್ಬೆಟ್ಟು ಯಂತ್ರಕ್ಕೆ ಸಿಗಲಿಲ್ಲ, ಬೆರಳ ಗೆರೆಗಳೆಲ್ಲ ಕಳೆ ಕಿತ್ತು ಸವೆದಿವೆ. ಕೊನೆಗೆ ಕಣ್ಣಿನ ಯಂತ್ರ ಇರುವ ಕಡೆಗೆ, ಕೆ.ಆರ್. ಪುರಕ್ಕೆ, ಆಟೋದಲ್ಲಿ ಕರೆದುಕೊಂಡು ಹೋಗಿ ನಿನ್ನೆ ಸಂಜೆ ಮುಗಿಯುವ ಮೊದಲು ಸೇರಿಸಿದೆವು. ದಾರಿಯುದ್ದಕ್ಕೂ ಆಟೋದವನಿಗೆ ಬಡ್ಡಿಯ ದರ ಹೇಳುತ್ತ ಬಂದಳು. ಅವನೂ ವಿಳಾಸ ಕೇಳಿಕೊಂಡ.

ಬರೆಸುವಾಗ ವಸಂತ ಕೇಳಿದ್ದ, ನಾಮಿನಿ ಯಾರು, ಎಂದರೆ ಅವಳ ನಂತರ ಹಣ ಯಾರ ಕೈಗೆ ಸೇರಬೇಕು ಎಂದು. ಅವಳಿಗೆ ಮೊಮ್ಮಕ್ಕಳಿದ್ದಾರೆ, ನಾನು ಅವರ ಹೆಸರು ಹೇಳಲು ಹೊರಟೆ. ಅವಳು ಕೋಲಿನಿಂದ ನನ್ನ ಕಡೆ ತೋರಿಸಿದಳು.

"ಇವಳ ಹೆಸರು ಬರಿ."

"ನನಗ್ಯಾಕಕ್ಕಾ?" ಎಂದೆ.

"ಮೊಮ್ಮಕ್ಕಳು ಮರ್ತುಬಿಡ್ತಾವೆ. ನೀನು ಬಿಡಲ್ಲ. ಹತ್ತನೇ ವರ್ಷ ಪಾಲಿಕೆ ಬಾಗ್ಲಿಗೆ ಹೋಗಿ ಕೂತು ವಸೂಲ್ ಮಾಡೋ ಜಂಬ ಈ ಊರಲ್ಲಿ ಇರೋದು ನಿನಗೊಬ್ಬಳಿಗೇ." ಆಮೇಲೆ ಎದ್ದು ಮೆಟ್ಟಿಲ ಕಡೆ ನಡೆಯುತ್ತ ಹೇಳಿದಳು, "ಅದಕ್ಕೇ ಹೇಳ್ತಿದೀನಿ ಬೈರಿ, ಬಿ.ಪಿ. ಮಾತ್ರೆ ನುಂಗು. ನೀನು ಹತ್ತು ವರ್ಷ ಇರ್ಲೇಬೇಕು ಈಗ."

ನುಂಗುತ್ತಿದ್ದೇನೆ.

ನಿನ್ನ ಅತ್ತೆ
ಬೈರಮ್ಮ